ಪಾಲಾರ್ ದಂಡೆಯ ಗೋಡೆಯಿಲ್ಲದ ಸಂಗ್ರಹಾಲಯ

(‘ರಜೆಯಲ್ಲಿ ಮಕ್ಕಳೊಂದಿಗೆ ಒಂದು ದಿನ’ ಎಂಬ ವಿಷಯವಾಗಿ ನಮ್ಮ ಬಳಗದ ಪಾಲಕರು ಮತ್ತು ಶಿಕ್ಷಕರ ಸಭೆಯಲ್ಲಿ ಮಾಡಿದ ಉಪನ್ಯಾಸದ ಬರಹರೂಪ)



ಮಕ್ಕಳನ್ನು ಕರೆದುಕೊಂಡು ಹೋಗಿ ಮನೆಮಂದಿಯೆಲ್ಲ ಒಂದು ದಿನ ಕಳೆಯಬಹುದಾದ, ನದೀತೀರದ ಒಂದು ವಸ್ತುಸಂಗ್ರಹಾಲಯದ ಬಗ್ಗೆ ಮಾತನಾಡಬೇಕೆಂದು ಸಂಘಟಕರು ನನ್ನನ್ನು ಕೇಳಿಕೊಂಡಿದ್ದಾರೆ. ನಾನು ಆಯ್ದುಕೊಂಡಿರುವ ಸಂಗ್ರಹಾಲಯಕ್ಕೆ ಗೋಡೆಗಳಿಲ್ಲ, ಚೀಟಿ ಕೊಡುವ ಕಿಂಡಿಯಿಲ್ಲ, ವಸ್ತುಗಳ ಕೆಳಗೆ ವಿವರಣೆಯ ಫಲಕಗಳೂ ಇಲ್ಲ. ಕೋಲಾರ ಜಿಲ್ಲೆಯ ಬಂಗಾರಪೇಟೆಯಿಂದ ಒಂದು ಗಂಟೆಯೊಳಗೆ ತಲುಪಬಹುದಾದ ಬೇತಮಂಗಲದಲ್ಲಿ, ಪಾಲಾರ್ ನದಿಗೆ ಅಡ್ಡಲಾಗಿ ಕಟ್ಟಿರುವ ದೊಡ್ಡ ಕೆರೆಯೊಂದಿದೆ. ಆ ಕೆರೆಯ ಏರಿಯಿಂದ ಹೊರಟು, ಕೋಲಾರ ಚಿನ್ನದ ಗಣಿ ಪ್ರದೇಶದ, ಎಂದರೆ ಕೆಜಿಎಫ್‌ನ, ಸೈನೈಡ್ ದಿಬ್ಬಗಳವರೆಗೆ ಹರಡಿರುವ ಹತ್ತು ಹನ್ನೆರಡು ಕಿಲೋಮೀಟರುಗಳ ನೆಲವೇ ನಾನು ಹೇಳಹೊರಟಿರುವ ಸಂಗ್ರಹಾಲಯ.

ಕೆಜಿಎಫ್‌ಗೆ ಹೋಗುವವರು ಸಾಮಾನ್ಯವಾಗಿ ಚಿನ್ನದ ಕಥೆಯಿಂದ ಆರಂಭಿಸುತ್ತಾರೆ. ಗಣಿಯ ಬಾವಿಗಳ ಮೇಲೆ ನಿಂತಿರುವ ಉಕ್ಕಿನ ಗೋಪುರಗಳನ್ನು ದೂರದಿಂದ ನೋಡಿ, ಕಮ್ಮಸಂದ್ರದ ಕೋಟಿಲಿಂಗೇಶ್ವರಕ್ಕೆ ಹೋಗಿ ಹಿಂತಿರುಗುತ್ತಾರೆ. ಅದರಲ್ಲಿ ತಪ್ಪೇನಿಲ್ಲ. ಆದರೆ ಮಕ್ಕಳ ಜೊತೆ ಹೋಗುವವರು ಚಿನ್ನದಿಂದ ಆರಂಭಿಸದೆ ನೀರಿನಿಂದ ಆರಂಭಿಸಬೇಕೆಂಬುದು ನನ್ನ ವಿನಂತಿ. ಚಿನ್ನ ಆ ಊರಿನಿಂದ ಹೊರಗೆ ಹೋದ ವಸ್ತು. ಇಂದು ಅಲ್ಲಿ ಅದನ್ನು ತೋರಿಸಲು ಸಾಧ್ಯವಿಲ್ಲ. ಅದನ್ನು ತೆಗೆಯಲು ಬಳಸಿದ ನೀರಿನ, ಮಣ್ಣಿನ, ಜನರ ಗುರುತುಗಳು ಮಾತ್ರ ಅಲ್ಲಿಯೇ ಉಳಿದಿವೆ. ಯಾವುದೇ ಸಂಪತ್ತಿನ ಲೆಕ್ಕಪುಸ್ತಕಕ್ಕೆ ಎರಡು ಬದಿಗಳಿರುತ್ತವೆ. ಶಾಲೆಯ ಪಠ್ಯಪುಸ್ತಕ ಜಮೆಯ ಬದಿಯನ್ನು ತೋರಿಸಿದರೆ, ಪಾಲಾರ್ ದಂಡೆ ಖರ್ಚಿನ ಬದಿಯನ್ನು ತೋರಿಸುತ್ತದೆ. ಎರಡನ್ನೂ ಕೂಡಿಸಿ ಓದುವುದನ್ನು ಮಕ್ಕಳಿಗೆ ಕಲಿಸುವುದೇ ಈ ಪ್ರವಾಸದ ಉದ್ದೇಶ.

ಹೊಳೆ ಎಲ್ಲಿದೆ?

ಪಾಲಾರ್ ಎಂದರೆ ಹಾಲಿನ ಹೊಳೆ. ಕ್ಷೀರನದಿ ಎಂಬ ಹೆಸರೂ ಅದಕ್ಕಿದೆ. ನಂದಿಬೆಟ್ಟಗಳ ಸೀಮೆಯಲ್ಲಿ ಹುಟ್ಟಿ, ಕರ್ನಾಟಕದಲ್ಲಿ 93 ಕಿ.ಮೀ., ಆಂಧ್ರಪ್ರದೇಶದಲ್ಲಿ 33 ಕಿ.ಮೀ., ತಮಿಳುನಾಡಿನಲ್ಲಿ 222 ಕಿ.ಮೀ., ಒಟ್ಟು 348 ಕಿ.ಮೀ. ಸಾಗಿ ಚೆನ್ನೈ ನಗರದ ದಕ್ಷಿಣಕ್ಕೆ ಬಂಗಾಳ ಕೊಲ್ಲಿಯನ್ನು ಸೇರುತ್ತದೆ. ಮದರಾಸು ಮತ್ತು ಮೈಸೂರು ಸರ್ಕಾರಗಳ ನಡುವೆ 1892ರಲ್ಲಿ ಆದ ನೀರಿನ ಒಪ್ಪಂದದಲ್ಲಿ ಕಾವೇರಿಯಂತೆ ಪಾಲಾರ್‌ಗೂ ಸ್ಥಾನವಿತ್ತು. ನಕಾಶೆಯಲ್ಲಿ ಅದು ಸ್ಪಷ್ಟವಾದ ನೀಲಿ ಗೆರೆ.

ಕಳೆದ ಚಳಿಗಾಲದ ರಜೆಯಲ್ಲಿ ನಾವು ಮನೆಯವರೆಲ್ಲ, ಅಕ್ಕನ ಮಕ್ಕಳನ್ನೂ ಕೂಡಿಸಿಕೊಂಡು, ಬೇತಮಂಗಲಕ್ಕೆ ಹೋಗಿದ್ದೆವು. ಕೆರೆಯಲ್ಲಿ ನೀರಿತ್ತು. ಏರಿಯ ಕೆಳಗಿನ ನದೀಪಾತ್ರದಲ್ಲಿ ಹುಲ್ಲು, ಜಾಲಿಯ ಪೊದೆಗಳು, ಅಲ್ಲಲ್ಲಿ ಮರಳು ತೆಗೆದ ಗುಂಡಿಗಳಿದ್ದವು. ನಮ್ಮ ಮಲೆನಾಡಿನ ಮಕ್ಕಳಿಗೆ ಹೊಳೆಯೆಂದರೆ ಕಲ್ಲಿನ ಮೇಲೆ ಸದ್ದು ಮಾಡುತ್ತ ಹರಿಯುವ ನೀರು. “ಅಪ್ಪಯ್ಯ, ಕೆರೆ ಕಂಡಿತು, ಹೊಳೆ ಎಲ್ಲಿದೆ?” ಎಂದು ಕಿರಿಯವಳು ಕೇಳಿದಳು. ಈ ಪ್ರವಾಸಕ್ಕೆ ಇದಕ್ಕಿಂತ ಒಳ್ಳೆಯ ಮೊದಲ ಪ್ರಶ್ನೆ ಇನ್ನೊಂದಿಲ್ಲ. ಅದಕ್ಕೆ ತಕ್ಷಣ ಉತ್ತರಿಸದೆ, ಮಕ್ಕಳನ್ನು ಏರಿಯ ಉದ್ದಕ್ಕೂ ನಡೆಸಿಕೊಂಡು ಹೋದೆ.

ಕೋಲಾರ ಸೀಮೆಯಲ್ಲಿ ವರ್ಷಕ್ಕೆ ಬೀಳುವ ಮಳೆ ಸರಾಸರಿ 700ರಿಂದ 750 ಮಿಲಿಮೀಟರು. ಆಗುಂಬೆಯಲ್ಲಿ ಬೀಳುವುದು 7,000 ಮಿಲಿಮೀಟರಿಗೂ ಹೆಚ್ಚು. ನಮ್ಮಲ್ಲಿ ಜುಲೈ ತಿಂಗಳ ಒಂದೆರಡು ವಾರಗಳಲ್ಲಿ ಸುರಿಯುವ ನೀರಿನಲ್ಲಿ ಅಲ್ಲಿನವರು ವರ್ಷವಿಡೀ ಬದುಕಬೇಕು. ಇಂತಹ ನೆಲದಲ್ಲಿ ನದಿಯನ್ನು ಅದರ ಪಾಡಿಗೆ ಹರಿಯಲು ಬಿಡುವುದು ಹಿಂದಿನವರಿಗೆ ಸಾಧ್ಯವಿರಲಿಲ್ಲ. ಆದ್ದರಿಂದ ಅವರು ನದಿಯನ್ನೂ ಅದನ್ನು ಸೇರುವ ಹಳ್ಳಗಳನ್ನೂ ಕೆರೆಗಳ ಸರಣಿಯನ್ನಾಗಿ ಮಾಡಿದರು. ಮೇಲಿನ ಕೆರೆ ತುಂಬಿ ಕೋಡಿ ಬಿದ್ದರೆ ಆ ನೀರು ರಾಜಕಾಲುವೆಯಲ್ಲಿ ಸಾಗಿ ಕೆಳಗಿನ ಕೆರೆಯನ್ನು ಸೇರುತ್ತದೆ. ಅದು ತುಂಬಿದರೆ ಮತ್ತೊಂದಕ್ಕೆ. ಬೇತಮಂಗಲದ ಕೆರೆ ತುಂಬಿದ ಮೇಲೆ ಕೆಳಗಿನ ರಾಮಸಾಗರಕ್ಕೆ ನೀರು ಹೋಗುತ್ತದೆ. ಎಲ್ಲ ಕೆರೆಗಳೂ ಕೋಡಿ ಹರಿದ ವರ್ಷ ಮಾತ್ರ ಪಾಲಾರ್ ನದಿಯಾಗಿ ಕಾಣುತ್ತದೆ. 2021ರ ನವೆಂಬರಿನಲ್ಲಿ ಹಾಗಾಯಿತು. ಆ ತಿಂಗಳ ಮಳೆಗೆ ಕೋಲಾರದ ಕೆರೆಗಳು ತುಂಬಿ ಹರಿದವು, ಕೆಳಗೆ ತಮಿಳುನಾಡಿನ ವೆಲ್ಲೂರು ಸೀಮೆಯಲ್ಲಿ ಪಾಲಾರ್ ದೊಡ್ಡ ಪ್ರವಾಹವಾಗಿ ಹೋಯಿತು. ಎಂದರೆ, ಮಗು ಕೇಳಿದ ಹೊಳೆ ಆ ಕೆರೆಗಳೊಳಗೇ ಇದೆ.

ಮೊದಲ ಪ್ರದರ್ಶನ: ಕೆರೆ

ಬೇತಮಂಗಲಕ್ಕೆ ಶಾಸನಗಳಲ್ಲಿರುವ ಹಳೆಯ ಹೆಸರು ವಿಜಯಾದಿತ್ಯಮಂಗಲ. ಬಾಣ ಅರಸರ ಕಾಲಕ್ಕೆ ನಮ್ಮನ್ನು ಕೊಂಡೊಯ್ಯುವ ಹೆಸರದು. ಚಿನ್ನದ ಗಣಿ ಕಂಪನಿಯ ಆಯುಷ್ಯ 120 ವರ್ಷ. ಕೆರೆಯ ಆಯುಷ್ಯ ಅದರ ಹಲವು ಪಟ್ಟು. ಈ ಒಂದು ಹೋಲಿಕೆಯನ್ನು ಮಕ್ಕಳು ತಮ್ಮ ಟಿಪ್ಪಣಿ ಪುಸ್ತಕದಲ್ಲಿ ಬರೆದುಕೊಳ್ಳಲಿ.

ಏರಿಯ ಮೇಲೆ ನಿಂತು ಕೆರೆಯ ಅಂಗಗಳನ್ನು ಒಂದೊಂದಾಗಿ ಗುರುತಿಸಲು ಹೇಳಬೇಕು: ನೀರು ಬರುವ ಕಾಲುವೆ, ನೀರನ್ನು ತಡೆದಿರುವ ಏರಿ, ಹೊಲಕ್ಕೆ ಬಿಡುವ ತೂಬು, ಹೆಚ್ಚಾದದ್ದನ್ನು ಹೊರಹಾಕುವ ಕೋಡಿ, ಕೆರೆಯ ಕೆಳಗಿನ ಅಚ್ಚುಕಟ್ಟು. ತೂಬನ್ನು ಯಾವಾಗ ಎಷ್ಟು ತೆರೆಯಬೇಕೆಂದು ನೋಡಿಕೊಳ್ಳುತ್ತಿದ್ದವನು ನೀರಗಂಟಿ. ಯಾರ ಗದ್ದೆಗೆ ಎಷ್ಟು ಹೊತ್ತು ನೀರು ಎಂಬುದು ಅವನ ಕೈಯಲ್ಲಿತ್ತು. ಅವನಿಗೆ ಸುಗ್ಗಿಯಲ್ಲಿ ರೈತರು ಧಾನ್ಯ ಕೊಡುತ್ತಿದ್ದರು. ಕೊಳವೆಬಾವಿಗಳು ಬಂದ ಮೇಲೆ ತೂಬಿಗೆ ಕಾಯುವವರು ಕಡಿಮೆಯಾದರು. ನೀರಗಂಟಿಯ ಕೆಲಸವೂ ಹೆಚ್ಚಿನ ಊರುಗಳಲ್ಲಿ ನಿಂತುಹೋಯಿತು. ಕೆರೆ ಎಲ್ಲರದಾಗಿತ್ತು, ಕೊಳವೆಬಾವಿ ಅದನ್ನು ಕೊರೆಸಿದವನದು. ಈ ಬದಲಾವಣೆಯನ್ನು ಒಂಬತ್ತನೆಯ ತರಗತಿಯ ಮಗು ಚೆನ್ನಾಗಿ ಅರ್ಥಮಾಡಿಕೊಳ್ಳಬಲ್ಲದು.

ಮಣ್ಣಿನ ಕೆಲಸ ಮಾಡುವವನಾದ್ದರಿಂದ ನಾನು ಕೆರೆಯ ಅಂಚಿನ ಗೋಡನ್ನು ಸ್ವಲ್ಪ ತೆಗೆದು ಮಕ್ಕಳ ಅಂಗೈಗೆ ಹಾಕಿದೆ. ಅದು ಒದ್ದೆಯಾದಾಗ ಉಂಡೆಯಾಗುತ್ತದೆ, ಬೆರಳುಗಳ ನಡುವೆ ಎಳೆದರೆ ನುಣುಪಾದ ಪಟ್ಟಿಯಾಗುತ್ತದೆ. ಮೇಲಿನ ಹೊಲಗಳಿಂದ ಕೊಚ್ಚಿ ಬಂದ ಜೇಡಿಯೂ ಕೊಳೆತ ಎಲೆ ಹುಲ್ಲುಗಳ ಸತ್ವವೂ ಅದರಲ್ಲಿವೆ. ಬೇಸಿಗೆಯಲ್ಲಿ ಕೆರೆ ಬತ್ತಿದಾಗ ರೈತರು ಈ ಗೋಡನ್ನು ಗಾಡಿಗಳಲ್ಲಿ ಹೇರಿ ಮತ್ತೆ ಹೊಲಕ್ಕೆ ಹಾಕುತ್ತಿದ್ದರು. ಕೋಲಾರದ ಕೆಂಪು ಮರಳುಮಿಶ್ರಿತ ಮಣ್ಣು ನೀರನ್ನು ಹೆಚ್ಚು ಹೊತ್ತು ಹಿಡಿಯಲಾರದು. ಗೋಡು ಸೇರಿದರೆ ಆ ಶಕ್ತಿ ಹೆಚ್ಚುತ್ತದೆ. ಒಂದೇ ಕೆಲಸದಿಂದ ಕೆರೆಯ ಹೂಳೂ ಹೋಯಿತು, ರಾಗಿ ಹೊಲದ ಬಲವೂ ಹೆಚ್ಚಿತು. ಹೊಲದಿಂದ ಹೋದದ್ದು ಹೊಲಕ್ಕೆ ಮರಳುವ ಈ ಕ್ರಮವನ್ನು ನೆನಪಿನಲ್ಲಿಡಲು ಮಕ್ಕಳಿಗೆ ಹೇಳಿ. ಮುಂದೆ ದಿಬ್ಬಗಳ ಬಳಿ ಹೋದಾಗ ಅದು ಬೇಕಾಗುತ್ತದೆ.

ಎರಡು ನದಿಗಳ ಊರು

ಕೆಜಿಎಫ್‌ನ ಗಣಿಗಾರಿಕೆಗೆ ಆಧುನಿಕ ರೂಪ ಬಂದದ್ದು 1880ರಲ್ಲಿ, ಜಾನ್ ಟೇಲರ್ ಅಂಡ್ ಸನ್ಸ್ ಎಂಬ ಇಂಗ್ಲೆಂಡಿನ ಕಂಪನಿ ಅಲ್ಲಿಗೆ ಕಾಲಿಟ್ಟ ಮೇಲೆ. ಬಂಡೆಯನ್ನು ಪುಡಿ ಮಾಡುವುದಕ್ಕೆ, ಪುಡಿಯಿಂದ ಚಿನ್ನವನ್ನು ಬೇರ್ಪಡಿಸುವುದಕ್ಕೆ, ಸಾವಿರಾರು ಕಾರ್ಮಿಕರು ಬದುಕುವುದಕ್ಕೆ ನೀರು ಬೇಕಿತ್ತು. ಆ ಒಣ ದಿಣ್ಣೆಯ ಮೇಲೆ ನೀರಿರಲಿಲ್ಲ. 20ನೆಯ ಶತಮಾನದ ಮೊದಲ ದಶಕದಲ್ಲಿ ಬೇತಮಂಗಲದ ಕೆರೆಯ ನೀರನ್ನು ಯಂತ್ರಗಳಿಂದ ಎತ್ತಿ, ಶೋಧಿಸಿ, ಕೊಳವೆಗಳಲ್ಲಿ ಗಣಿಯ ಊರಿಗೆ ಸಾಗಿಸುವ ವ್ಯವಸ್ಥೆಯಾಯಿತು. ರೈತರ ತೂಬಿಗಾಗಿ ಕಟ್ಟಿದ್ದ ಕೆರೆ ಅಂದಿನಿಂದ ಗಣಿಯ ಕೊಳಾಯಿಗೂ ನೀರು ಕೊಡುವ ಕೆರೆಯಾಯಿತು.

ಯಂತ್ರಗಳನ್ನು ನಡೆಸಲು ಶಕ್ತಿಯೂ ಬೇಕಿತ್ತು. ಆರಂಭದಲ್ಲಿ ಅದು ಸೌದೆ ಮತ್ತು ಕಲ್ಲಿದ್ದಲಿನಿಂದ ಓಡುವ ಉಗಿಯಂತ್ರಗಳಿಂದ ಬರುತ್ತಿತ್ತು. ದಿವಾನ್ ಕೆ. ಶೇಷಾದ್ರಿ ಅಯ್ಯರ್ ಅವರ ಕಾಲದಲ್ಲಿ ಶಿವನಸಮುದ್ರದ ಜಲಪಾತದಿಂದ ವಿದ್ಯುತ್ ಪಡೆಯುವ ಯೋಜನೆ ಸಿದ್ಧವಾಗಿ, 1902ರ ಜೂನ್ ತಿಂಗಳಲ್ಲಿ ಸುಮಾರು 147 ಕಿ.ಮೀ. ಉದ್ದದ ತಂತಿಯ ಮೂಲಕ ಕಾವೇರಿಯ ಶಕ್ತಿ ಕೆಜಿಎಫ್ ತಲುಪಿತು. ಬೆಂಗಳೂರಿನ ಬೀದಿಗಳಿಗೆ ವಿದ್ಯುದ್ದೀಪ ಬಂದದ್ದು ಅದಾದ ಮೂರು ವರ್ಷಗಳ ಮೇಲೆ, 1905ರಲ್ಲಿ. ಬೇಸಿಗೆಯಲ್ಲೂ ಗಣಿಗೆ ವಿದ್ಯುತ್ ಕಡಿಮೆಯಾಗದಂತೆ ನೋಡಿಕೊಳ್ಳಬೇಕೆಂಬುದು ಮುಂದೆ ಕನ್ನಂಬಾಡಿ ಕಟ್ಟೆಯನ್ನು ಕಟ್ಟಲು ಇದ್ದ ಕಾರಣಗಳಲ್ಲಿ ಒಂದು.

ಹೀಗೆ ಕೆಜಿಎಫ್ ಎರಡು ನದಿಗಳನ್ನು ಬಳಸಿದ ಊರು. ಪಾಲಾರ್ ಕೊಳವೆಯಲ್ಲಿ ಬಂದಿತು, ಕಾವೇರಿ ತಂತಿಯಲ್ಲಿ ಬಂದಿತು. ಎರಡೂ ನದಿಗಳ ದಂಡೆಯ ಮೇಲೆ ಆ ಊರಿಲ್ಲ. ನಗರಗಳೂ ಕಾರ್ಖಾನೆಗಳೂ ತಮ್ಮದಲ್ಲದ ನದಿಯ ಮೇಲೆ ನಿಂತಿರುವುದು ಇಂದು ನಮಗೆ ಮಾಮೂಲಿನ ಸಂಗತಿ. ಆ ಕ್ರಮ ನಮ್ಮ ನಾಡಿನಲ್ಲಿ ಬಹಳ ಮೊದಲೇ, ಬಹಳ ಸ್ಪಷ್ಟವಾಗಿ ಕಾಣಿಸಿಕೊಂಡದ್ದು ಇಲ್ಲಿ.

ಒಂದು ಕೋಣೆಯಷ್ಟು ಚಿನ್ನ

ಮಧ್ಯಾಹ್ನದ ಹೊತ್ತಿಗೆ ಕೆಜಿಎಫ್ ಕಡೆಗೆ ಹೋಗಬಹುದು. ಮಕ್ಕಳಿಗಾಗಿ ಬಂಗಾರಪೇಟೆಯಿಂದ ಮಾರಿಕುಪ್ಪಂವರೆಗಿನ ಕವಲು ರೈಲನ್ನು ಹಿಡಿಯುವುದು ಒಳ್ಳೆಯದು. 1890ರ ದಶಕದಲ್ಲಿ ಗಣಿಗಾಗಿಯೇ ಹಾಕಿದ ಹಳಿ ಅದು. ಕೋರಮಂಡಲ್, ಊರ್ಗಾಂ, ಚಾಂಪಿಯನ್ ಎಂಬ ನಿಲ್ದಾಣಗಳ ಹೆಸರುಗಳನ್ನು ಓದುತ್ತ ಹೋದರೆ ಗಣಿಗಳ ಹೆಸರುಗಳನ್ನೇ ಓದಿದಂತೆ. ಬೆಳಗಿನ ರೈಲಿನಲ್ಲಿ ಹೋದವರು ಎದುರಿನಿಂದ ಬರುವ ಕಿಕ್ಕಿರಿದ ಗಾಡಿಯನ್ನೂ ನೋಡಬಹುದು. ಗಣಿ ಮುಚ್ಚಿದ ಮೇಲೆ ಆ ಊರಿನ ಸಾವಿರಾರು ಮಂದಿ ನಸುಕಿನಲ್ಲೆದ್ದು ಬೆಂಗಳೂರಿಗೆ ದುಡಿಯಲು ಹೋಗಿ ರಾತ್ರಿ ಮರಳುತ್ತಾರೆ. ಆ ಗಾಡಿಯೂ ನಮ್ಮ ಸಂಗ್ರಹಾಲಯದ ಒಂದು ಪ್ರದರ್ಶನವೇ.

ಗಣಿಯೊಳಗೆ ಇಳಿಯಲು ಈಗ ಸಾಧ್ಯವಿಲ್ಲ. ಆದರೆ ಆಳವನ್ನು ಊಹಿಸಿಕೊಳ್ಳಲು ನಮ್ಮ ಬೆಟ್ಟಗಳು ನೆರವಾಗುತ್ತವೆ. ರಾಜ್ಯದ ಅತಿ ಎತ್ತರದ ಶಿಖರವಾದ ಮುಳ್ಳಯ್ಯನಗಿರಿ ಸಮುದ್ರಮಟ್ಟದಿಂದ ಸುಮಾರು 1,930 ಮೀಟರು ಎತ್ತರವಿದೆ. ಚಾಂಪಿಯನ್ ರೀಫ್ ಗಣಿಯ ಆಳ 3,000 ಮೀಟರನ್ನು ಮೀರಿತ್ತು. ಮುಳ್ಳಯ್ಯನಗಿರಿಯ ಎತ್ತರದ ಒಂದೂವರೆ ಪಟ್ಟು ಕೆಳಕ್ಕೆ ಮನುಷ್ಯರು ಪ್ರತಿದಿನ ಇಳಿದು ಹತ್ತುತ್ತಿದ್ದರು. ಅಷ್ಟು ಆಳದಲ್ಲಿ ಬಂಡೆಯ ಉಷ್ಣತೆ 60 ಡಿಗ್ರಿ ಸೆಲ್ಸಿಯಸ್ ದಾಟುತ್ತಿತ್ತು. ಒತ್ತಡಕ್ಕೆ ಬಂಡೆ ಇದ್ದಕ್ಕಿದ್ದಂತೆ ಸಿಡಿಯುವ ಅಪಾಯವಿತ್ತು. ಕಲ್ಲಿನ ನುಣ್ಣನೆಯ ಧೂಳು ಶ್ವಾಸಕೋಶವನ್ನು ಸೇರಿ ಸಿಲಿಕೋಸಿಸ್ ಎಂಬ ಕಾಯಿಲೆ ಬರುತ್ತಿತ್ತು. ಆ ಕೆಲಸ ಮಾಡಿದವರಲ್ಲಿ ಹೆಚ್ಚಿನವರು ಉತ್ತರ ಆರ್ಕಾಟ್, ಚಿತ್ತೂರು, ಸೇಲಂ ಸೀಮೆಗಳಿಂದ ಬಂದ ಬಡವರು. ಅವರಲ್ಲಿ ದಲಿತರೇ ಬಹುಪಾಲು. ಉತ್ತರ ಆರ್ಕಾಟ್ ಎಂದರೆ ಪಾಲಾರ್ ನದಿಯ ಕೆಳದಂಡೆ ಎಂಬುದನ್ನು ಗಮನಿಸಬೇಕು. ನೀರು ಕೆಳಕ್ಕೆ ಹರಿಯಿತು, ದುಡಿಯುವ ಜನ ಅದರ ಎದುರು ದಿಕ್ಕಿನಲ್ಲಿ ಮೇಲಕ್ಕೆ ಬಂದರು.

ವಿಜ್ಞಾನದಲ್ಲಿ ಆಸಕ್ತಿಯುಳ್ಳ ಮಕ್ಕಳಿಗೆ ಇನ್ನೊಂದು ಸಂಗತಿಯನ್ನೂ ಹೇಳಬೇಕು. 1965ರಲ್ಲಿ ಇದೇ ಗಣಿಯ ಆಳದಲ್ಲಿ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯ ವಿಜ್ಞಾನಿಗಳು, ಜಪಾನ್ ಮತ್ತು ಇಂಗ್ಲೆಂಡಿನ ಸಹೋದ್ಯೋಗಿಗಳೊಂದಿಗೆ, ವಾತಾವರಣದಲ್ಲಿ ಹುಟ್ಟುವ ನ್ಯೂಟ್ರಿನೊ ಕಣಗಳನ್ನು ಪತ್ತೆ ಮಾಡಿದರು. ಅದೇ ಕಾಲಕ್ಕೆ ದಕ್ಷಿಣ ಆಫ್ರಿಕದ ಒಂದು ಚಿನ್ನದ ಗಣಿಯಲ್ಲೂ ಅಂತಹುದೇ ಪ್ರಯೋಗ ಯಶಸ್ವಿಯಾಯಿತು. ಮೇಲಿನ ಬಂಡೆ ಬೇರೆ ಕಣಗಳನ್ನೆಲ್ಲ ತಡೆದುದರಿಂದ ಅದು ಸಾಧ್ಯವಾಯಿತು. ಚಿನ್ನಕ್ಕಾಗಿ ತೋಡಿದ ಬಾವಿ ಜ್ಞಾನಕ್ಕೂ ದಾರಿಯಾಯಿತೆಂಬುದು ಜಮೆಯ ಬದಿಗೆ ಸೇರಬೇಕಾದ ಮಾತು.

ಇನ್ನು ಲೆಕ್ಕ. 120 ವರ್ಷಗಳಲ್ಲಿ ಕೆಜಿಎಫ್‌ನಿಂದ ತೆಗೆದ ಚಿನ್ನ ಸುಮಾರು 800 ಟನ್. ಅದಕ್ಕಾಗಿ ಮೇಲೆತ್ತಿ ಪುಡಿ ಮಾಡಿದ ಅದಿರು ಸುಮಾರು 5 ಕೋಟಿ ಟನ್. ಭಾಗಿಸಿದರೆ ಒಂದು ಟನ್ ಅದಿರಿಗೆ ಸರಾಸರಿ 16 ಗ್ರಾಂ ಚಿನ್ನ. 8 ಗ್ರಾಂನ ಒಂದು ಪವನಿಗೆ ಅರ್ಧ ಟನ್ ಬಂಡೆ. ಎಂದರೆ ಒಂದು ಎತ್ತಿನ ಗಾಡಿಯ ಹೇರು. ಐದು ಪವನಿನ ಬಳೆಗಳಿಗೆ ಐದು ಗಾಡಿ. ಕೊನೆಕೊನೆಗೆ ಅದಿರಿನಲ್ಲಿ ಚಿನ್ನದ ಅಂಶ ಬಹಳ ಇಳಿದುದರಿಂದ ಅದೇ ಬಳೆಗೆ ಇನ್ನೆಷ್ಟೋ ಗಾಡಿಗಳು ಬೇಕಾದವು.

ಚಿನ್ನ ಬಹಳ ಭಾರವಾದ ಲೋಹ. ಅದರ ಸಾಂದ್ರತೆ ನೀರಿನ 19 ಪಟ್ಟಿಗೂ ಹೆಚ್ಚು. 800 ಟನ್ ಚಿನ್ನವನ್ನೆಲ್ಲ ಒಂದೆಡೆ ಕರಗಿಸಿ ಎರಕ ಹೊಯ್ದರೆ ಸುಮಾರು ಮೂರೂವರೆ ಮೀಟರು ಉದ್ದ, ಅಷ್ಟೇ ಅಗಲ, ಅಷ್ಟೇ ಎತ್ತರದ ಗಟ್ಟಿಯಾಗುತ್ತದೆ. ನಮ್ಮ ಮನೆಗಳ ಒಂದು ಸಣ್ಣ ಕೋಣೆಯಷ್ಟು. ಈ ಲೆಕ್ಕವನ್ನು ಮಕ್ಕಳ ಕೈಯಿಂದಲೇ ಮಾಡಿಸಿ, ಆಮೇಲೆ ತಲೆಯೆತ್ತಿ ದಿಬ್ಬಗಳನ್ನು ನೋಡಲು ಹೇಳಿ. ಆ ಕೋಣೆಯಷ್ಟು ಲೋಹಕ್ಕಾಗಿ ಹಿಂದೆ ಬಿಟ್ಟುಹೋದ ಪುಡಿ 3 ಕೋಟಿ ಟನ್ನಿಗೂ ಹೆಚ್ಚು.

ದಿಬ್ಬವನ್ನು ಓದುವುದು ಹೇಗೆ?

ಊರಿನ ಅಂಚಿನಲ್ಲಿ ಬೂದು, ಹಳದಿ ಬಣ್ಣದಲ್ಲಿ ಚಪ್ಪಟೆ ನೆತ್ತಿಯ ಗುಡ್ಡಗಳಂತೆ ಕಾಣುವ ಈ ದಿಬ್ಬಗಳನ್ನು ಮಕ್ಕಳು ಮೊದಲ ನೋಟಕ್ಕೆ ನೈಸರ್ಗಿಕ ಬೆಟ್ಟಗಳೆಂದೇ ತಿಳಿಯುತ್ತಾರೆ. ಮಳೆನೀರು ಕೊರೆದ ಸೀಳುಗಳು ಅವುಗಳ ಇಳಿಜಾರಿನಲ್ಲಿ ಕಾಣುತ್ತವೆ. ಸಿನಿಮಾ ಚಿತ್ರೀಕರಣವೂ ಅಲ್ಲಿ ನಡೆಯುತ್ತ ಬಂದಿದೆ. ಆದರೆ ದಿಬ್ಬವನ್ನು ರಸ್ತೆಯಿಂದಲೇ ನೋಡಬೇಕು. ಮಕ್ಕಳನ್ನು ಅದರ ಮೇಲೆ ಹತ್ತಿಸಬಾರದು, ಆಡಲು ಬಿಡಬಾರದು, ಆ ಪುಡಿಯನ್ನು ಕೈಗೆ ಕೊಡಬಾರದು. ಏಕೆಂಬುದನ್ನು ಅವರಿಗೆ ಬಿಡಿಸಿ ಹೇಳಬೇಕು.

ಅದಿರನ್ನು ಹಿಟ್ಟಿನಂತೆ ಪುಡಿ ಮಾಡಿ, ಸೈನೈಡ್ ಲವಣದ ದ್ರಾವಣದಲ್ಲಿ ನೆನೆಸಿದರೆ ಚಿನ್ನ ಅದರಲ್ಲಿ ಕರಗುತ್ತದೆ. ಆ ದ್ರಾವಣದಿಂದ ಚಿನ್ನವನ್ನು ಪಡೆದು, ಮಿಕ್ಕ ಕೆಸರನ್ನು ಹೊರಗೆ ರಾಶಿ ಹಾಕಿದರು. ಬಿಸಿಲಿಗೆ, ಗಾಳಿಗೆ ತೆರೆದುಕೊಂಡ ಸೈನೈಡ್ ಕಾಲಕ್ರಮದಲ್ಲಿ ವಿಘಟನೆ ಹೊಂದುತ್ತದೆ. ಹಾಗೆ ಹೋಗದೆ ಉಳಿಯುವುದು ಸಿಲಿಕಾದ ನುಣ್ಣನೆಯ ಪುಡಿ, ಲವಣಗಳು ಮತ್ತು ಬಂಡೆಯೊಳಗಿಂದ ಹೊರಬಂದ ಲೋಹಾಂಶಗಳು. ಜೋರಾಗಿ ಗಾಳಿ ಬೀಸಿದಾಗ ಆ ಪುಡಿ ಊರಿನ ಮೇಲೆ, ಮನೆಗಳೊಳಗೆ ಹಾರುತ್ತದೆ. ಗಣಿಯಾಳದಲ್ಲಿ ತಂದೆ ಉಸಿರಾಡಿದ ಧೂಳಿನ ಒಂದು ಪಾಲನ್ನು ಮೇಲೆ ಮಕ್ಕಳು ಇಂದಿಗೂ ಉಸಿರಾಡುತ್ತಿದ್ದಾರೆ.

ಬೆಳಗ್ಗೆ ಕೈಯಲ್ಲಿ ಹಿಡಿದ ಕೆರೆಯ ಗೋಡನ್ನು ಈಗ ನೆನಪಿಸಬೇಕು. ಎರಡೂ ನುಣುಪಾದ ಪುಡಿಯೇ, ಎರಡೂ ನೀರಿನ ಜೊತೆಯಲ್ಲಿ ಬಂದು ನೆಲೆಸಿದವೇ. ಗೋಡಿನಲ್ಲಿ ಜೀವವಿದೆ, ದಿಬ್ಬದಲ್ಲಿ ಜೈವಿಕ ಅಂಶವೇ ಇಲ್ಲ. ಅದು ನೀರನ್ನು ಹಿಡಿಯದು, ಬೇರಿಗೆ ಆಹಾರ ಕೊಡದು. ಹಲವು ದಶಕ ಕಳೆದರೂ ಅದರ ಬಹುಭಾಗ ಬೋಳಾಗಿದೆ; ಅಂಚಿನಲ್ಲಿ ಬಳ್ಳಾರಿ ಜಾಲಿಯಂತಹ ಗಟ್ಟಿ ಗಿಡಗಳು ಮಾತ್ರ ಬೇರೂರಿವೆ. ಬಂಡೆ ತಾನಾಗಿ ಸವೆದು ಒಂದು ಅಂಗುಲ ಮಣ್ಣಾಗಲು ನೂರಾರು ವರ್ಷ ಬೇಕು. ಬಂಡೆಯನ್ನು ಒಂದೇ ದಿನದಲ್ಲಿ ಪುಡಿ ಮಾಡಬಹುದು, ಆದರೆ ಪುಡಿ ಮಾಡಿದ ಮಾತ್ರಕ್ಕೆ ಅದು ಮಣ್ಣಾಗುವುದಿಲ್ಲ. ಮಣ್ಣುವಿಜ್ಞಾನದ ಈ ಮೊದಲ ಪಾಠವನ್ನು ನಾನು ವಿಶ್ವವಿದ್ಯಾಲಯದ ತರಗತಿಯಲ್ಲಿ ಹಲವು ಗಂಟೆ ವಿವರಿಸಬೇಕಾಗುತ್ತದೆ. ಅಲ್ಲಿ ಹನ್ನೆರಡು ವರ್ಷದ ಹುಡುಗ ಹತ್ತು ನಿಮಿಷದಲ್ಲಿ ಅರ್ಥಮಾಡಿಕೊಂಡ.

ಗಣಿಗಳು 1956ರಲ್ಲಿ ಮೈಸೂರು ಸರ್ಕಾರದ ವಶಕ್ಕೆ, 1962ರಲ್ಲಿ ಕೇಂದ್ರ ಸರ್ಕಾರಕ್ಕೆ ಬಂದು, 1972ರಲ್ಲಿ ಭಾರತ್ ಗೋಲ್ಡ್ ಮೈನ್ಸ್ ಲಿಮಿಟೆಡ್ ಆಗಿ, 2001ರ ಫೆಬ್ರವರಿ 28ರಂದು ಮುಚ್ಚಿದವು. 2024ರ ಜೂನ್‌ನಲ್ಲಿ ರಾಜ್ಯ ಸಚಿವ ಸಂಪುಟ, ಸುಮಾರು ಸಾವಿರ ಎಕರೆಯಲ್ಲಿ ಹರಡಿರುವ 13 ದಿಬ್ಬಗಳಿಂದ ಉಳಿಕೆ ಚಿನ್ನವನ್ನು ತೆಗೆಯುವ ಕೇಂದ್ರದ ಪ್ರಸ್ತಾವಕ್ಕೆ ಒಪ್ಪಿಗೆ ನೀಡಿತು. ಇದರಿಂದ ಆ ಊರಿಗೆ ಕೆಲಸ ಸಿಗಬಹುದೆಂಬ ಆಸೆ ನ್ಯಾಯವಾದದ್ದೇ. ಆದರೆ ಮೂರು ಪ್ರಶ್ನೆಗಳು ಉಳಿಯುತ್ತವೆ. ದಿಬ್ಬವನ್ನು ಕೆದಕುವಾಗ ಏಳುವ ಧೂಳಿಗೆ ಏನು ವ್ಯವಸ್ಥೆ? ಮತ್ತೆ ತೊಳೆಯಲು ನೀರು ಎಲ್ಲಿಂದ? ಚಿನ್ನ ತೆಗೆದ ಮೇಲೆ ಆ ಕೋಟ್ಯಂತರ ಟನ್ ಪುಡಿ ಎಲ್ಲಿಗೆ? ಇವನ್ನು ನಾವು ಮಕ್ಕಳಿಗೆ ಹೇಳಿಕೊಡಬೇಕಾಗಿಲ್ಲ. ಕೆರೆಯನ್ನೂ ದಿಬ್ಬವನ್ನೂ ಒಂದೇ ದಿನ ನೋಡಿದ ಮಕ್ಕಳು ತಾವಾಗಿಯೇ ಕೇಳುತ್ತಾರೆ.

ನದಿಯ ಕೆಳಗೆ, ನದಿಯ ಮೇಲೆ

ಕೆಳಗೆ ತಮಿಳುನಾಡಿನ ಆಂಬೂರು, ವಾಣಿಯಂಬಾಡಿ, ರಾಣಿಪೇಟೆಗಳಲ್ಲಿ ತೊಗಲು ಹದ ಮಾಡುವ ಕಾರ್ಖಾನೆಗಳ ಕೊಳಚೆ ಇದೇ ಪಾಲಾರ್‌ನ ಪಾತ್ರವನ್ನು ಸೇರಿತು. ಅದರ ವಿರುದ್ಧ ವೆಲ್ಲೂರಿನ ನಾಗರಿಕರು ಹೂಡಿದ ದಾವೆಯಲ್ಲಿ ಸುಪ್ರೀಂ ಕೋರ್ಟ್ 1996ರಲ್ಲಿ ಕೊಟ್ಟ ತೀರ್ಪು, ಹಾಳು ಮಾಡಿದವನೇ ಸರಿಪಡಿಸುವ ವೆಚ್ಚವನ್ನು ಭರಿಸಬೇಕೆಂಬ ನಿಯಮವನ್ನೂ ಮುನ್ನೆಚ್ಚರಿಕೆಯ ನಿಯಮವನ್ನೂ ನಮ್ಮ ದೇಶದ ಕಾನೂನಿನ ಭಾಗವೆಂದು ಸಾರಿತು. ನಮ್ಮ ಮಲೆನಾಡಿನ ಹೋರಾಟಗಳಲ್ಲಿ ನಾವು ಆಧರಿಸುವ ಈ ನಿಯಮಗಳು ಹೀಗೆ ಒಂದು ಒಣಗಿದ ನದಿಯಿಂದ ನಮಗೆ ದೊರೆತವು.

ಮೇಲೆ, ಪಾಲಾರ್‌ನ ಜಲಾನಯನದಲ್ಲಿ, ಕೆರೆಗೆ ನೀರು ತರುವ ಕಾಲುವೆಗಳು ಒತ್ತುವರಿಯಾದವು. ರಾಗಿಯ ಹೊಲಗಳಲ್ಲಿ ನೀಲಗಿರಿ ಬಂದಿತು. ರಾಜ್ಯದಲ್ಲಿ ಅದನ್ನು ಹೊಸದಾಗಿ ನೆಡುವುದಕ್ಕೆ 2017ರಲ್ಲಿ ನಿಷೇಧ ಬರುವ ಹೊತ್ತಿಗೆ ಕೋಲಾರದ ವಿಸ್ತಾರವಾದ ನೆಲ ಅದರ ತೋಪಾಗಿತ್ತು. ಕೊಳವೆಬಾವಿಗಳು ಸಾವಿರ ಅಡಿಯನ್ನು ದಾಟಿ ಇಳಿದವು; ಆಳದ ನೀರಿನಲ್ಲಿ ಫ್ಲೋರೈಡ್ ಬಂದಿತು. ಚಿನ್ನದ ಗಣಿ ಮುಚ್ಚಿದರೂ ನೀರಿನ ಗಣಿಗಾರಿಕೆ ಮುಂದುವರಿಯಿತು. 2018ರಿಂದ ಕೋರಮಂಗಲ–ಚಲ್ಲಘಟ್ಟ ಕಣಿವೆ ಯೋಜನೆಯಲ್ಲಿ ಬೆಂಗಳೂರಿನ ಸಂಸ್ಕರಿಸಿದ ಕೊಳಚೆ ನೀರನ್ನು ಕೋಲಾರದ ಕೆರೆಗಳಿಗೆ ಹರಿಸಲಾಗುತ್ತಿದೆ. ಬತ್ತಿದ ಕೆರೆಗಳು ತುಂಬಿವೆ, ಬಾವಿಗಳಲ್ಲಿ ನೀರು ಮೇಲೆ ಬಂದಿದೆ. ನೀರಿನ ಗುಣಮಟ್ಟದ ಪ್ರಶ್ನೆಯೂ ಅದರ ಜೊತೆಗೇ ಬಂದಿದೆ.

ಇದೇ ಬಾಯಾರಿಕೆಯ ಹೆಸರಿನಲ್ಲಿ ನಮ್ಮ ಸಕಲೇಶಪುರದ ಎತ್ತಿನಹೊಳೆಯಿಂದ 24 ಟಿಎಂಸಿ ನೀರನ್ನು ಪೂರ್ವಕ್ಕೆ ತಿರುಗಿಸುವ ಯೋಜನೆ ರೂಪುಗೊಂಡಿತು. ಅದರ ಮೊದಲ ಹಂತ 2024ರ ಸೆಪ್ಟೆಂಬರಿನಲ್ಲಿ ಉದ್ಘಾಟನೆಯಾಯಿತು. ಆ ಯೋಜನೆಯ ಸಾಧಕ ಬಾಧಕಗಳು ಇಂದಿನ ವಿಷಯವಲ್ಲ. ಆದರೆ ನೀರಿನ ಮೂಲದಲ್ಲಿರುವ ನಾವು ಕೋಲಾರದ ಜನರನ್ನು ನೋಡದೆಯೇ ಅವರ ಬಾಯಾರಿಕೆಯ ಬಗ್ಗೆ ಮಾತನಾಡುವುದು ಸರಿಯಲ್ಲ. ಅವರ ಬಾಯಾರಿಕೆ ನಿಜ. ಅದರ ಕಾರಣಗಳೂ ನಿಜ, ಅವು ಏರಿಯ ಮೇಲೆ ನಿಂತರೆ ಕಣ್ಣಿಗೆ ಕಾಣುತ್ತವೆ. ಬಂಗಾರಪೇಟೆಯ ಮಕ್ಕಳು ಒಮ್ಮೆ ನಮ್ಮ ಹೊಳೆಗಳನ್ನು ನೋಡಲು ಬರಲಿ, ನಮ್ಮ ಮಕ್ಕಳು ಅವರ ಕೆರೆಗಳನ್ನು ನೋಡಲು ಹೋಗಲಿ. ದೊಡ್ಡವರ ಸಭೆಗಳಲ್ಲಿ ಸಾಧ್ಯವಾಗದ ಮಾತುಕತೆ ಅಲ್ಲಿ ಸಾಧ್ಯವಾದೀತು.

ಹೋಗುವವರಿಗೆ ಕೆಲವು ಮಾತು

ನವೆಂಬರಿನಿಂದ ಫೆಬ್ರವರಿಯವರೆಗಿನ ತಿಂಗಳುಗಳು ಒಳ್ಳೆಯವು. ಬೆಳಗ್ಗೆ ಕೆರೆ, ಮಧ್ಯಾಹ್ನ ಗಣಿಯ ಊರು ಎಂಬ ಕ್ರಮವನ್ನು ಬದಲಿಸಬೇಡಿ. ಕುಡಿಯುವ ನೀರನ್ನು ಮನೆಯಿಂದಲೇ ಒಯ್ಯಿರಿ. ಒಂದು ದಿನದಲ್ಲಿ ಎಷ್ಟು ಲೀಟರು ಖರ್ಚಾಯಿತೆಂದು ಮಕ್ಕಳೇ ಬರೆದಿಡಲಿ. ಕೆರೆಯ ನೀರಿಗೆ ಇಳಿಯುವುದು ಬೇಡ. ಗಣಿಯ ಹಳೆಯ ಬಾವಿಗಳ, ಪಾಳುಬಿದ್ದ ಕಟ್ಟಡಗಳ ಹತ್ತಿರ ಹೋಗುವುದು ಬೇಡವೇ ಬೇಡ. ಕಾರ್ಮಿಕರ ವಠಾರಗಳನ್ನು ನೋಡುವುದಾದರೆ ಅಲ್ಲಿನವರ ಒಪ್ಪಿಗೆ ಕೇಳಿ, ಅವರ ಜೊತೆ ಕುಳಿತು ಮಾತನಾಡಿ. ಅವರ ಬಡತನ ಪ್ರದರ್ಶನದ ವಸ್ತುವಲ್ಲ. ತಮಿಳು, ತೆಲುಗು, ಕನ್ನಡ ಮೂರನ್ನೂ ಬೆರೆಸಿ ಆಡುವ ಆ ಹಿರಿಯರು ಮಕ್ಕಳೊಡನೆ ಸಂತೋಷದಿಂದ ಮಾತನಾಡುತ್ತಾರೆ. ಗಣಿಯೊಳಗಿನ ಕತ್ತಲೆ ಹೇಗಿತ್ತು ಎಂದು ಅವರನ್ನು ಕೇಳಿದರೆ ಯಾವ ಪುಸ್ತಕದಲ್ಲೂ ಇಲ್ಲದ ಉತ್ತರ ಸಿಗುತ್ತದೆ. ಸಂಜೆ ಬಂಗಾರಪೇಟೆಯಲ್ಲಿ ಇಳಿದು, ಆ ಊರಿಗೆ ಹೆಸರು ತಂದ ಪಾನಿಪುರಿಯನ್ನು ಮಕ್ಕಳಿಗೆ ಕೊಡಿಸಲು ಮರೆಯಬೇಡಿ. ಅದರ ಪಾನಿ ಬಣ್ಣವಿಲ್ಲದೆ ಬರಿಯ ನೀರಿನಂತೆ ಕಾಣುತ್ತದೆ. ಬಾಯಿಗೆ ಹಾಕಿದ ಮೇಲೆಯೇ ಖಾರ ತಿಳಿಯುವುದು. ನೋಡಲು ತಿಳಿಯಾದ ನೀರಿನಲ್ಲಿ ಏನೇನು ಕರಗಿರಬಹುದು ಎಂಬ ಪಾಠಕ್ಕೆ ಇಷ್ಟು ರುಚಿಯಾದ ಉದಾಹರಣೆ ಬೇರೆಲ್ಲೂ ದೊರೆಯದು.

ಕಡೆಯದಾಗಿ ಒಂದು ಸಲಹೆ. ಕೆಜಿಎಫ್‌ನಲ್ಲಿ ಗಣಿಯ ಸಂಗ್ರಹಾಲಯವೊಂದು ಆಗಬೇಕೆಂಬ ಮಾತು ಆಗಾಗ ಕೇಳಿಬರುತ್ತದೆ. ಆಗಲಿ. ಆದರೆ ಅದರ ಬಾಗಿಲು ಬೇತಮಂಗಲದ ಏರಿಯ ಮೇಲಿರಲಿ. ಶತಮಾನ ದಾಟಿದ ನೀರು ಸರಬರಾಜಿನ ಆವರಣವನ್ನು ಕಾಪಾಡಿ, ಕನ್ನಡ, ತಮಿಳು, ತೆಲುಗಿನಲ್ಲಿ ಫಲಕಗಳನ್ನು ಹಾಕಿ, ಊರಿನ ಹಳೆಯ ನೀರಗಂಟಿಗಳನ್ನೂ ನಿವೃತ್ತ ಗಣಿ ಕಾರ್ಮಿಕರನ್ನೂ ಅಲ್ಲಿ ವಿವರಣೆಗಾರರನ್ನಾಗಿ ಸಂಬಳ ಕೊಟ್ಟು ನೇಮಿಸಲಿ. ದಿಬ್ಬಗಳನ್ನು ತೊಳೆಯುವ ಕೆಲಸ ನಡೆಯುವುದಾದರೆ, ಅದರ ಆದಾಯದ ಒಂದು ಪಾಲು ಧೂಳು ತಡೆಯುವ ಹಸಿರು ಹೊದಿಕೆಗೂ ಊರಿನವರ ಆರೋಗ್ಯ ತಪಾಸಣೆಗೂ ಮೀಸಲಾಗಲಿ. ಪಾಲಾರ್ ದಂಡೆಯಿಂದಲೇ ಬಂದ ನಿಯಮವನ್ನು ಪಾಲಾರ್ ದಂಡೆಯಲ್ಲೇ ಜಾರಿಗೆ ತರಲು ಇದಕ್ಕಿಂತ ಸೂಕ್ತ ಸಂದರ್ಭ ಬೇರೆ ಬರಲಾರದು.

ಬೇಸಿಗೆ ರಜೆಗೆ ಮೊದಲು ನಮ್ಮ ಶಾಲೆಗಳಲ್ಲಿ ಒಂದಾದರೂ ಈ ಪ್ರವಾಸವನ್ನು ಕೈಗೊಳ್ಳಲಿ ಎಂದು ಹಾರೈಸುತ್ತ, ಮಕ್ಕಳ ಟಿಪ್ಪಣಿ ಪುಸ್ತಕಗಳನ್ನು ಓದಲು ನಾನು ಕಾತರನಾಗಿದ್ದೇನೆಂದು ತಿಳಿಸಿ, ನನ್ನ ಮಾತನ್ನು ಮುಗಿಸುತ್ತೇನೆ.